ಮೂವತ್ತೊಂದು ಕುಂಡ

ಸಸಿ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಡಗಡೆಯ ದವಡೆ ಹಲ್ಲು ಕೀಳಿಸಿದೆಯಾ, ಇಲ್ಲ ಇನ್ನೂ ಒಂದೇ ಕಡೆ ಅಗಿಯುತ್ತಾ ಕಾಲ ತಳ್ಳುತ್ತಿದ್ದೀಯಾ? ಕೀಳಿಸಿಬಿಡು, ಪಕ್ಕದ ಹಲ್ಲಿಗೂ ಹತ್ತಿಕೊಂಡೀತು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹಳೇ ರಾಗವನ್ನೇ ಹಾಡುತ್ತಿದೆ: ಕೂತರೆ ಏಳಲು ಬಿಡುವುದಿಲ್ಲ, ಎದ್ದರೆ ಕೂರಲು ಬಿಡುವುದಿಲ್ಲ. ಮೇಲಿನ ವಿಳಾಸ ನೋಡಿ ಹುಬ್ಬೇರಿಸಬೇಡ, ಅಲ್ಲಿಗೂ ಬರುತ್ತೇನೆ. ಈ ವಾರ ನೀನು ಹದಿನೇಳು ಸಲ ಫೋನು ಮಾಡಿದ್ದೀಯ. ಹದಿನೇಳು ಸಲವೂ ಅದು ಬಡಿದುಕೊಂಡು ಸುಮ್ಮನಾಗುವುದನ್ನು ನಾನು ನೋಡುತ್ತಾ ಕೂತಿದ್ದೆ. ಸಿಟ್ಟಿಗಲ್ಲ ಕಣೋ. ಫೋನಿನಲ್ಲಿ ನೀನು 'ಅಕ್ಕಾ, ಇಲ್ಲಿ ಕೇಳು' ಅಂದರೆ ಸಾಕು, ನಾನು ಕರಗಿಹೋಗುತ್ತೇನೆ. ಮೂರು ನಿಮಿಷದಲ್ಲಿ ತಪ್ಪೆಲ್ಲ ನನ್ನದೇ ಅಂತ ಒಪ್ಪಿಕೊಂಡು, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಕಾಗದದಲ್ಲಿ ಆ ಕಾಟವಿಲ್ಲ. ನಾನು ಹೇಳಿ ಮುಗಿಸುವ ತನಕ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ.

ಮೊದಲು ಈ ವ್ಯವಹಾರಕ್ಕೆ ಏನೇನು ಹೋಯಿತು ಅಂತ ಬರೆದುಬಿಡುತ್ತೇನೆ, ನನ್ನ ಚಾಳಿ ನಿನಗೆ ಗೊತ್ತೇ ಇದೆ. ಇಪ್ಪತ್ತೊಂದು ದಿನ. ಬೆಣ್ಣೆ ಬಣ್ಣದ ಪೇಂಟು ಎರಡು ಡಬ್ಬ, ಬಿಳಿಯದು ಅರ್ಧ. ಪರದೆಯ ಬಟ್ಟೆ ಹದಿನಾಲ್ಕು ಮೀಟರು. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು, ಅದರ ಮೇಲೆ ಡೇಲಿಯಾ ಕುಂಡ ಬಿತ್ತು. ಡೇಲಿಯಾಕ್ಕೆ ಏನೂ ಆಗಲಿಲ್ಲ. ಎದುರುಮನೆ ಟೈಲರನ ಜೊತೆಗಿನ ಮಾತುಕತೆ, ಎಂಟು ದಿನ. ಅಮ್ಮನ ಫೋಟೋ ತೂಗುಹಾಕಿದ್ದ ಮೊಳೆ ಒಂದು, ಕೀಳುವಾಗ ಬಾಗಿತು. ಇಷ್ಟನ್ನೂ ಕೂಡಿಸಿ ಕೆಳಗೆ ಗೆರೆ ಎಳೆದರೆ ನನ್ನ ಕೈಗೆ ಬಂದದ್ದು ಮೂರು ಪದ, ಅದೂ ಬೇರೆಯವರ ಬಾಯಿಂದ: 'ಮನೆ ನೋಡಿಕೊಳ್ಳೋ ಹೆಂಗಸು.'

ನಿನ್ನ ಮೆಸೇಜು ಬಂದದ್ದು ಚಳಿ ಇಳಿದು ಬಿಸಿಲು ಚುರುಕಾಗುತ್ತಿದ್ದ ದಿನ. ದಪ್ಪ ರಗ್ಗುಗಳನ್ನು ಬಿಸಿಲಿಗೆ ಹಾಕಿ, ಒಂದೊಂದಾಗಿ ಒದರಿ ಮಡಿಸುತ್ತಿದ್ದೆ. 'ಅಕ್ಕಾ, ಈ ಸಲ ಬಂದರೆ ಒಂದು ತಿಂಗಳು ಇರ್ತೀನಿ. ಮನೆ ಚೆನ್ನಾಗಿ ಮಾಡಿಡು. ಏನೇನು ಮಾಡಬೇಕು ಅಂತ ನಾನು ಬರೀತೀನಿ.' ಎರಡು ವರ್ಷದಿಂದ ಮುಖ ತೋರಿಸದವನು ಒಂದು ತಿಂಗಳು ಇರುತ್ತೇನೆ ಅಂದರೆ ನಾನೇನು ಮಾಡಲಿ? ಮೂರು ಸಲ ಓದಿದೆ. ಕೈಯಲ್ಲಿದ್ದ ರಗ್ಗನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ. ಸೋಫಾ ಮಂಚ ಮಾರುವ ಆ ದೊಡ್ಡ ಅಂಗಡಿಯಲ್ಲಿ, ಗಾಜಿನ ಹಿಂದೆ ಯಾರೂ ವಾಸವಿಲ್ಲದ ಮನೆಗಳನ್ನು ಜೋಡಿಸುವ ಕೆಲಸಕ್ಕೆ ನೀನು ಸೇರಿದಾಗಿನಿಂದ, ಕಾಲ ಬದಲಾದಾಗಲೆಲ್ಲ ನನಗೆ ನಿನ್ನ ಅಪ್ಪಣೆ ಬರುವುದು ವಾಡಿಕೆಯಾಗಿತ್ತು. ಚಳಿಗೆ ಇಟ್ಟಿಗೆ ಬಣ್ಣದ ಹೊದಿಕೆ, ದೀಪ ಮೂಲೆಗೆ. ಬೇಸಿಗೆಗೆ ಬಿಳಿ ಹಾಸು, ಕಿಟಕಿಯಲ್ಲಿ ನೀರು ತುಂಬಿದ ಗಾಜಿನ ಬಟ್ಟಲು, ಅದರಲ್ಲಿ ಒಂದು ಎಲೆ, 'ಒಂದೇ ಅಕ್ಕಾ, ಕಟ್ಟುಗಟ್ಟಲೆ ತುರುಕಬೇಡ.' ಗೊಣಗುತ್ತಲೇ ಮಾಡುತ್ತಿದ್ದೆ, ಒಳಗೊಳಗೇ ನಗುತ್ತಿದ್ದೆ. ಹಾಸಿಗೆಯ ಸುಕ್ಕು ಹೋಗುವ ತನಕ ಕೂರುವುದಿಲ್ಲ ಅಂತ ನಿಂತೇ ಇರುತ್ತಿದ್ದ ಮೂರು ವರ್ಷದ ಪೋರನನ್ನು ಅಮ್ಮ 'ಸಾಹೇಬ' ಅಂತ ಕರೆಯುತ್ತಿದ್ದಳಲ್ಲ, ಆ ಸಾಹೇಬ ಎಲ್ಲೂ ಹೋಗಿಲ್ಲ ಅನ್ನಿಸುತ್ತಿತ್ತು. ನೀನು ಬರದಿದ್ದರೂ ವರ್ಷಕ್ಕೆ ಮೂರು ನಾಲ್ಕು ಸಲ ನಿನ್ನ ಬಣ್ಣ ಮನೆಗೆ ಬರುತ್ತಿತ್ತು.

ಹಾಗಾಗಿ ಶುರುಮಾಡಿದೆ. ಪರದೆ ಬೆಣ್ಣೆ ಬಣ್ಣದ್ದೇ ಆಗಬೇಕು, ನೆಲದಿಂದ ಎರಡು ಬೆರಳು ಮೇಲೆ ನಿಲ್ಲಬೇಕು, ನೆರಿಗೆ ಎಲ್ಲ ಒಂದೇ ಅಗಲ ಇರಬೇಕು ಅಂತ ನೀನು ಬರೆದದ್ದನ್ನು ಟೈಲರಿಗೆ ಓದಿ ಹೇಳಿದೆ. ಅವನು ಕನ್ನಡಕದ ಮೇಲಿಂದ ನೋಡಿ, 'ಅಕ್ಕೋರೆ, ಇದು ಕಿಟಕಿಗಾ, ಮದುಮಗಳಿಗಾ?' ಅಂದ. 'ನನ್ನ ತಮ್ಮ ಬರ್ತಿದ್ದಾನೆ, ಅವನ ಕಣ್ಣಿಗೆ ಒಂದು ದಾರ ಹೆಚ್ಚುಕಮ್ಮಿ ಆದರೂ ಗೊತ್ತಾಗುತ್ತೆ' ಅಂದೆ ನಾನು, ಏನೋ ದೊಡ್ಡಸ್ತಿಕೆಯಿಂದ. ಎರಡು ಸಲ ಬಿಚ್ಚಿಸಿ ಹೊಲಿಸಿದೆ. ಮೂರನೇ ಸಲ ಹೋದಾಗ ಅವನು ಪರದೆಯನ್ನು ನನ್ನ ಕೈಗೆ ಹಾಕಿ, ಮೇಲೆ ಒಂದು ಸೂಜಿಯನ್ನೂ ಇಟ್ಟು, 'ತಗೊಳ್ಳಿ, ನಿಮ್ಮ ತಮ್ಮನೇ ಬಂದು ಹೊಲ್ಕೊಳ್ಳಲಿ' ಅಂದ. ನಾನೂ ಸುಮ್ಮನಿರಲಿಲ್ಲ. 'ನನ್ನ ತಮ್ಮ ಸೂಜಿ ಹಿಡಿದರೆ ನಿನ್ನ ಅಂಗಡಿಗೆ ಬೀಗ ಬೀಳುತ್ತೆ' ಅಂದೆ. ಒಂಬತ್ತು ವರ್ಷದಿಂದ ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯುತ್ತಿದ್ದವರು ಎಂಟು ದಿನ ಬೀದಿಯ ಆಚೆಗೊಬ್ಬರು ಈಚೆಗೊಬ್ಬರು ಮುಖ ತಿರುಗಿಸಿಕೊಂಡು ಓಡಾಡಿದೆವು. ಮೂರನೇ ಸಲದ ನೆರಿಗೆ ನಾನೇ ಹೊಲಿದೆ. ಚೆನ್ನಾಗಿ ಬಂದಿರಲಿಲ್ಲ. ಫೋಟೋದಲ್ಲಿ ಕಾಣಲಿಲ್ಲವಷ್ಟೆ.

ಫೋಟೋ. ಅಲ್ಲೇ ನನಗೆ ತಿಳಿಯಬೇಕಿತ್ತು. ದಿನಕ್ಕೊಂದು ಕೋಣೆಯ ಫೋಟೋ ಕಳಿಸು ಅಂದೆ ನೀನು. ಬೆಳಿಗ್ಗೆ ಹತ್ತು ಗಂಟೆಯ ಬೆಳಕಲ್ಲಿ, ಮೂಲೆಗೆ ಬೆನ್ನು ಕೊಟ್ಟು ನಿಂತು ತೆಗಿ, ಕೋಣೆ ದೊಡ್ಡದಾಗಿ ಕಾಣುತ್ತೆ ಅಂದೆ. ಮಾತ್ರೆ ಡಬ್ಬಿ ಕಾಣದಿರಲಿ. ಬಾಗಿಲ ಹಿಂದಿನ ಚಪ್ಪಲಿ ಎತ್ತಿಡು. ಬಟ್ಟೆ ಒಣಹಾಕುವ ಹಗ್ಗ ಬಿಚ್ಚು. ಬೀರುವಿನ ಹಿಂದಿನ ಒದ್ದೆ ಗೋಡೆಗೆ ಎರಡು ಸಲ ಬಣ್ಣ ಹೊಡೆಸು. ಕೊನೆಗೆ, 'ಅಮ್ಮನ ಫೋಟೋ ಸ್ವಲ್ಪ ತೆಗೆದಿಡು ಅಕ್ಕಾ, ಗಾಜು ಹೊಳೆಯುತ್ತೆ.' ತೆಗೆದಿಟ್ಟೆ ಕಣೋ! ಅಮ್ಮನನ್ನು ಗೋಡೆಯಿಂದ ಇಳಿಸಿ, ಮಡಿಸಿದ ರಗ್ಗುಗಳ ಮಧ್ಯೆ ಮಲಗಿಸಿ, ಮೊಳೆಯ ತೂತಿಗೆ ಪೇಂಟು ಸವರಿ, ಫೋಟೋ ತೆಗೆದು ಕಳಿಸಿದೆ. 'ಸೂಪರ್ ಅಕ್ಕಾ, ಯಾರೂ ಇರದ ಹಾಗೆ ಎಷ್ಟು ನೀಟಾಗಿದೆ' ಅಂತ ಬರೆದೆ ನೀನು, ಅದನ್ನೂ ಹೊಗಳಿಕೆ ಅಂದುಕೊಂಡೆ. ನಾನು ಯಾರು ಹೇಳು? ಗಿರಾಕಿ ಗೇಟು ದಾಟುವ ಮೊದಲೇ ಅವನು ಕೊಳ್ಳುತ್ತಾನೋ, ಬರೀ ಹೆಸರು ಕೇಳಿಕೊಂಡು ಹೋಗುತ್ತಾನೋ ಹೇಳಬಲ್ಲವಳು. ಹಳದಿ ಎಲೆ ಚಿವುಟಿ, ನೀರು ಚಿಮುಕಿಸಿ, ಹೂವಿರುವ ಮಗ್ಗುಲನ್ನು ರಸ್ತೆಗೆ ತಿರುಗಿಸಿ ಇಡುವುದು ನಾನು ಇಪ್ಪತ್ತಾರು ವರ್ಷದಿಂದ ದಿನಾ ಬೆಳಿಗ್ಗೆ ಮಾಡುತ್ತಿರುವ ಕೆಲಸ. ಮಾರಾಟಕ್ಕೆ ಇಟ್ಟ ಸರಕು ಹೇಗೆ ಕಾಣುತ್ತೆ ಅಂತ ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೆ ಹೇಳುತ್ತಿದ್ದವನು ನೀನು. ಊರಿಗೆಲ್ಲ ಹೂವು ಮಾರುವವಳ ಕಿವಿಗೆ ನೀನು ಹೂವಿಟ್ಟೆ.

ಇನ್ನು ಅಂಗಳ. 'ಗೇಟಿಂದ ಬಾಗಿಲವರೆಗೂ ಬಣ್ಣ ಇರಲಿ' ಅಂತ ನೀನು ಒಂದೇ ಸಾಲು ಬರೆದು ಕೈತೊಳೆದುಕೊಂಡೆ. ಆ ಒಂದು ಸಾಲಿಗೆ ನಾನು ಅಂಗಡಿಯ ಅತ್ಯುತ್ತಮ ಸರಕನ್ನೆಲ್ಲ ಮನೆಗೆ ಸಾಗಿಸಿದೆ. ದಾರಿಯ ಎರಡು ಪಕ್ಕ ಚೆಂಡುಹೂ, ಅದರ ಹಿಂದೆ ಕೆಂಪು ಜಿರೇನಿಯಂ, ಕಾಂಪೌಂಡಿನ ಪಕ್ಕ ಡೇಲಿಯಾ, ಅಡುಗೆಮನೆ ಕಿಟಕಿಯ ಕೆಳಗೆ ನೀಲಿ ಪೆಟೂನಿಯಾ. ಎಲ್ಲ ಸೇರಿ ಮೂವತ್ತೊಂದು ಕುಂಡ. ಎಲ್ಲವನ್ನೂ ಕತ್ತಿನ ತನಕ ನೆಲದಲ್ಲಿ ಹುಗಿದು, ಅಂಚು ಕಾಣದ ಹಾಗೆ ಮೇಲೆ ಮಣ್ಣು ಎಳೆದೆ. ನೋಡಿದವರಿಗೆ ಗಿಡ ನೆಲದಿಂದಲೇ ಎದ್ದು ಬಂದ ಹಾಗಿರಬೇಕು. ಇದು ಯಾರ ಪಾಠ ಅಂತ ನಿನಗೆ ಬೇರೆ ಹೇಳಬೇಕಾ? ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದಲ್ಲಿ ಅಮ್ಮ ನಮ್ಮಿಬ್ಬರನ್ನು ಸಾಕುತ್ತಾ ಏಳು ಬಾಡಿಗೆ ಮನೆ ಬದಲಾಯಿಸಿದಳು. ಏಳರಲ್ಲೂ ಅವಳಿಗೆ ತೋಟ ಬೇಕಿತ್ತು. 'ಗಿಡ ಕುಂಡದಲ್ಲೇ ಇರಲಿ, ಕುಂಡ ಮಣ್ಣಲ್ಲಿರಲಿ. ಮನೆಯವರು ಯಾವತ್ತು ಬಿಡಿ ಅಂತಾರೋ' ಅನ್ನುತ್ತಿದ್ದಳು. ಬಿಡಿ ಅಂದ ದಿನ ಅರ್ಧ ಗಂಟೆಯಲ್ಲಿ ತೋಟ ಕೈಗಾಡಿಯ ಮೇಲಿರುತ್ತಿತ್ತು. ಮುಂದೆ ನಾನು ಎಳೆಯುತ್ತಿದ್ದೆ, ಹಿಂದಿನಿಂದ ನೀನು ತಳ್ಳುತ್ತಿದ್ದೆ, ತಳ್ಳುತ್ತಾ 'ನನ್ನ ಕಡೆ ಕುಂಡ ವಾಲ್ತಿದೆ' ಅಂತ ದಾರಿಯುದ್ದಕ್ಕೂ ಅಳುತ್ತಿದ್ದೆ. ಏಳು ಸಲ ತಳ್ಳಿದ್ದೀಯ. ಮರೆತೆಯಲ್ಲೋ. ಗಾಜಿನ ಹಿಂದಿನ ಮನೆಗಳನ್ನು ಜೋಡಿಸಿ ಜೋಡಿಸಿ, ನಮ್ಮ ಮನೆಯ ತೋಟ ಎಲ್ಲಿ ನಿಂತಿರುತ್ತೆ ಅನ್ನುವುದೇ ಮರೆತುಹೋಯಿತಾ?

ಹೋದ ಭಾನುವಾರ ಎಲ್ಲ ಮುಗಿದಿತ್ತು. ನಾನು ಚಹಾ ಲೋಟ ಹಿಡಿದು ಬೆಂಚಿನ ಮೇಲೆ ಕೂತಿದ್ದೆ. ಹತ್ತು ಗಂಟೆಯ ಬಿಸಿಲು ಪೆಟೂನಿಯಾದ ಮೇಲೆ ಬಿದ್ದು ಅಡುಗೆಮನೆಯ ಗೋಡೆಗೂ ಒಂದಿಷ್ಟು ನೀಲಿ ಹತ್ತಿತ್ತು. ಹೊಸ ಪರದೆ ಉಬ್ಬಿ ಇಳಿಯುತ್ತಿತ್ತು. ನಾಳೆಯೋ ನಾಡಿದ್ದೋ ನೀನು ಬಂದು ಇದೇ ಬೆಂಚಿನ ಆ ತುದಿಯಲ್ಲಿ ಕೂತು, 'ಈ ನೆರಿಗೆ ಯಾವನು ಹೊಲಿದದ್ದು' ಅಂತ ಮೂಗು ಮುರಿಯುತ್ತೀಯ ಅಂದುಕೊಂಡು ಒಬ್ಬಳೇ ನಕ್ಕೆ. ಇಷ್ಟೇ ಸುಖ ಸಾಕಾಗಿತ್ತು ನನಗೆ. ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬರು ವಯಸ್ಸಾದವರು, ಜೊತೆಗೆ ಅವರ ಹೆಂಡತಿ. ಗಡಿಯಾರ ರಿಪೇರಿ ಮಾಡಿ ನಿವೃತ್ತರಾದವರಂತೆ, ಆಮೇಲೆ ಗೊತ್ತಾಯಿತು. ಗಿಡಕ್ಕೆ ಬಂದವರು ಅಂದುಕೊಂಡೆ. ಅಂಗಡಿ ಮುಚ್ಚಿದ್ದರೆ ಮನೆಗೇ ಬರುವವರಿದ್ದಾರೆ. 'ಬನ್ನಿ ಬನ್ನಿ, ಚೆಂಡುಹೂ ಈಗಷ್ಟೇ ಬಿರಿದಿದೆ, ಒಂದು ತಿಂಗಳು ತಲೆ ಬಗ್ಗಿಸಲ್ಲ' ಅಂತ ಶುರುಹಚ್ಚಿಕೊಂಡೆ. ಆ ತಾಯಿ ಚೆಂಡುಹೂವನ್ನು ನೋಡಲೇ ಇಲ್ಲ. ಕೈಯಲ್ಲಿದ್ದ ಫೋನು ನೋಡುತ್ತಾ, ಕಿಟಕಿ ನೋಡುತ್ತಾ, ಗಂಡನಿಗೆ ಹೇಳಿದರು: 'ಇದೇ ರೀ. ಪರದೇನೂ ಅದೇ.' ಆತ ಜೇಬಿನಿಂದ ಅಳತೆಯ ಟೇಪು ತೆಗೆದು ನಮ್ಮ ಬಾಗಿಲಿನ ಅಗಲ ಹಿಡಿದರು. ಬಾಗಿಲ ಅಗಲ ಅಳೆದುಕೊಂಡು ಗಿಡ ಕೊಳ್ಳುವ ಗಿರಾಕಿಯನ್ನು ನಾನು ಈವರೆಗೆ ಕಂಡಿಲ್ಲ. ಲೋಟ ಕೆಳಗಿಟ್ಟೆ. ಆಗ ಆತ ತುಂಬ ಮರ್ಯಾದೆಯಿಂದಲೇ ಕೇಳಿದರು: 'ಸಾಹೇಬ್ರು ಹೇಳಿದ್ರು, ಮನೆ ನೋಡಿಕೊಳ್ಳೋ ಹೆಂಗಸು ಇರ್ತಾರೆ, ಎಲ್ಲಾ ತೋರಿಸ್ತಾರೆ ಅಂತ. ನೀವೇನಾ?'

ತಮ್ಮಾ, ಬಸ್ ನಿಲ್ದಾಣದ ಗೋಡೆಗೆ ಹಾಲಿನ ಡಬ್ಬಿಗಳಲ್ಲಿ ಸಸಿ ಸಾಲಾಗಿಟ್ಟು ಮಾರಲು ಶುರುಮಾಡಿದಾಗ ಎಷ್ಟೋ ಜನ ಏನೇನೋ ಕರೆದಿದ್ದಾರೆ. ಮಣ್ಣಿನವಳು, ಡಬ್ಬಿಯವಳು, ಬಾಯಿಬಡುಕಿ. ಯಾವುದೂ ಮೈಗೆ ಅಂಟಲಿಲ್ಲ, ತಿರುಗಿ ನಾಲ್ಕು ಮಾತು ಹೇಳಿ ಅದೇ ಬಾಯಿಗೆ ಎರಡು ಸಸಿ ಮಾರಿ ಕಳಿಸಿದವಳು ನಾನು. ಈ ಮಾತು ಮಾತ್ರ ಅಂಟಿತು. ಅವರು ಅಂದದ್ದಾಗಿದ್ದರೆ ಅದನ್ನೂ ಕೊಡವಿಕೊಳ್ಳುತ್ತಿದ್ದೆ. ಅಂದದ್ದು ನೀನು, ಅವರು ಬರೀ ತಂದು ತಲುಪಿಸಿದರು.

ಮನೆ ತೋರಿಸಿದೆ. ಯಾಕೆ ಅಂತ ಕೇಳಬೇಡ. ಬಾಗಿಲಿಗೆ ಬಂದ ಗಿರಾಕಿಯನ್ನು ಹಾಗೇ ಕಳಿಸುವ ಅಭ್ಯಾಸ ನನಗಿಲ್ಲ. ಮುಂದಿನ ಕೋಣೆ, ಒಳಗಿನದು, ಅಡುಗೆಮನೆ. ಆ ತಾಯಿಗೆ ಪ್ರತಿಯೊಂದೂ ಮೊದಲೇ ಗೊತ್ತು. 'ಇಲ್ಲೊಂದು ಗಾಜಿನ ಬಟ್ಟಲಿತ್ತಲ್ಲ, ಒಂದೇ ಎಲೆ ಇರೋದು?' ಅಂತ ಕೇಳಿದರು. ನನ್ನ ಮನೆಯಲ್ಲಿ ನನಗೇ ದಾರಿ ತೋರಿಸುತ್ತಿದ್ದರು. ಬೀರುವಿನ ಹತ್ತಿರ ಬಂದಾಗ ನಾನೇ ಅದನ್ನು ಪಕ್ಕಕ್ಕೆ ಸರಿಸಿ, ಗೋಡೆಯ ಮೇಲೆ ಕೈ ಇಡಿ ಅಂದೆ. ಇಟ್ಟರು. 'ಒದ್ದೆ ಇದೆಯಲ್ರೀ' ಅಂದರು. 'ಇದೆ. ಎರಡು ಸಲ ಬಣ್ಣ ಹೊಡೆದಿದೆ, ಮಳೆ ಬಂದರೆ ಮತ್ತೆ ಬರುತ್ತೆ. ಹೊರಗಿನ ಪೈಪು ಬದಲಾಯಿಸಿದರೆ ಹೋಗುತ್ತೆ' ಅಂದೆ. ಬೇರು ಕೊಳೆತ ಗಿಡವನ್ನು ನಾನು ಯಾವತ್ತೂ ಒಳ್ಳೆಯದು ಅಂತ ಮಾರಿಲ್ಲ, ನಿನಗೋಸ್ಕರ ಈಗ ಶುರುಮಾಡುವುದು ಹೇಗೆ? ಆದರೂ ಅವರ ಮನಸ್ಸು ಜಾರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ, ನಿನಗೆ ಅಂತ ನಾನಿಟ್ಟುಕೊಂಡಿದ್ದ ತುದಿಯಲ್ಲಿ, ಆ ತಾಯಿ ಕೂತರು. 'ನಿಜ ಹೇಳಬೇಕಂದ್ರೆ ನಾವು ಮನಸ್ಸು ಮಾಡಿದ್ದೇ ಈ ತೋಟ ನೋಡಿ. ಇವರಿಗೆ ಜೀವನವಿಡೀ ಭೂತಗನ್ನಡಿಯಲ್ಲಿ ಸಣ್ಣ ಚಕ್ರ ನೋಡಿ ನೋಡಿ ಕಣ್ಣು ಸೋತಿದೆ. ಬಣ್ಣ ಕಾಣ್ತಾ ಕೂತಿರಲಿ ಅಂತ' ಅಂದರು.

ಆಗ ನಾನು ಎದ್ದು, ಚೆಂಡುಹೂವಿನ ಬುಡಕ್ಕೆ ಬಗ್ಗಿ, ಮಣ್ಣು ಕೆದರಿ, ಅಂಚು ಹಿಡಿದು ಎತ್ತಿದೆ. ಕುಂಡದ ಸಮೇತ ಬಂತು, ಗಿಡಕ್ಕೆ ಒಂದು ಎಲೆಯೂ ಅಲುಗದ ಹಾಗೆ. ನೆಲದಲ್ಲಿ ಗುಂಡಗೆ, ಅಚ್ಚು ಒತ್ತಿದ ಹಾಗೆ ಒಂದು ಗುಂಡಿ. ಇಬ್ಬರೂ ಒಮ್ಮೆ ಕುಂಡ ನೋಡಿದರು, ಒಮ್ಮೆ ಗುಂಡಿ ನೋಡಿದರು. 'ಎಲ್ಲಾ ಹೀಗೇನಾ?' ಅಂದರು ಆ ತಾಯಿ. 'ಎಲ್ಲಾ ಹೀಗೇ. ನನ್ನದೊಂದು ಸಸಿ ಅಂಗಡಿ ಇದೆ. ಗಿಡ ನನ್ನವು, ಕುಂಡ ನನ್ನವು, ಮಣ್ಣೂ ನಾನು ತಂದದ್ದು. ಗುಂಡಿಗಳು ಮಾತ್ರ ಮಾಲೀಕರವು' ಅಂದೆ. ಗಡಿಯಾರದವರಿಗೆ ನಗು ಬಂತು, ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ, 'ಹಾಗಾದರೆ ತೋಟದ ಬೆಲೆ ಬಿಟ್ಟು ಮಾತಾಡಬೇಕಾಗುತ್ತೆ ಸಾಹೇಬ್ರ ಹತ್ರ' ಅಂದರು. ಮಾತಾಡಿರಬೇಕು. ನಿನ್ನ ಹದಿನೇಳು ಫೋನು ಅದಕ್ಕೇ ಅಂತ ನನ್ನ ಅಂದಾಜು. ಒಂದೂ ನನ್ನ ಮೊಣಕಾಲಿನ ಬಗ್ಗೆ ಅಲ್ಲ ಅಂತಲೂ ಅಂದಾಜು.

ಮಾರುವ ಹಕ್ಕು ನಿನಗಿಲ್ಲ ಅಂತ ನಾನು ಹೇಳುತ್ತಿಲ್ಲ. ಹಕ್ಕು ಇದೆ, ನಾನೇ ಕೊಟ್ಟದ್ದು. ಅಮ್ಮ ಹೋದ ಮೂರನೇ ತಿಂಗಳು ನೀನು ಒಂದು ಕಾಗದ ತಂದೆ. 'ಎರಡು ಹೆಸರಿದ್ದರೆ ಪ್ರತಿಯೊಂದಕ್ಕೂ ಇಬ್ಬರೂ ಓಡಾಡಬೇಕು ಅಕ್ಕಾ. ಒಂದೇ ಹೆಸರಿರಲಿ. ಮನೆ ಹೇಗಿದ್ದರೂ ನಿನ್ನದೇ ಅಲ್ವಾ' ಅಂದೆ. ಗೊಬ್ಬರದ ಚೀಲದ ಹಿಂದಿನ ಸಣ್ಣ ಅಕ್ಷರವನ್ನೂ ಕೂತು ಓದುವವಳು ನಾನು. ನನ್ನ ಪಾಲು ಬಿಟ್ಟುಕೊಟ್ಟ ಆ ಕಾಗದದಲ್ಲಿ ಓದಿದ್ದು, ಸಹಿ ಎಲ್ಲಿ ಹಾಕಬೇಕು ಅಂತ ನೀನು ಪೆನ್ಸಿಲ್ಲಿನಲ್ಲಿ ಹಾಕಿದ್ದ ಗುರುತು ಮಾತ್ರ. ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ನನ್ನ ಸಂಕಟ ಬೇರೆ. ಮಾರಬೇಕು ಅನ್ನುವ ಒಂದು ಮಾತು ನನಗೆ ಹೇಳಿದ್ದರೆ ಏನಾಗುತ್ತಿತ್ತು? ಒಂದು ದಿನ ಅಳುತ್ತಿದ್ದೆ, ಎರಡು ದಿನ ಮಾತು ಬಿಡುತ್ತಿದ್ದೆ, ಮೂರನೇ ದಿನ ಪೇಂಟು ಡಬ್ಬ ತರುತ್ತಿದ್ದೆ. ಮನೆಯನ್ನು ನಾನೇ ಮುಂದೆ ನಿಂತು ನಿನಗಿಂತ ಚೆನ್ನಾಗಿ ಮಾರಿಕೊಡುತ್ತಿದ್ದೆ. ಸರಕು ಮಾರುವುದರಲ್ಲಿ ನನ್ನನ್ನು ಮೀರಿಸುವವರು ಈ ಬೀದಿಯಲ್ಲಿದ್ದಾರಾ? ಹೇಳಲಿಲ್ಲ ನೀನು. 'ಒಂದು ತಿಂಗಳು ಇರ್ತೀನಿ' ಅಂದೆ. ನನ್ನ ಕೈಯಿಂದಲೇ ನನ್ನ ಚಪ್ಪಲಿ ಎತ್ತಿಡಿಸಿದೆ, ನನ್ನ ಕೈಯಿಂದಲೇ ಅಮ್ಮನನ್ನು ಇಳಿಸಿದೆ. ಆ ಇಪ್ಪತ್ತೊಂದು ದಿನ ನಾನು ನನ್ನನ್ನೇ ಆ ಮನೆಯಿಂದ ಗುಡಿಸಿ ಹೊರಹಾಕುತ್ತಿದ್ದೆ, ಹಾಡು ಗುನುಗಿಕೊಂಡು. ಆ ಹಾಡು ನೆನೆದರೆ ಈಗ ನಾಚಿಕೆಯಾಗುತ್ತೆ ಕಣೋ.

ಸೋಮವಾರ ಬೆಳಿಗ್ಗೆ ಕೈಗಾಡಿ ತಂದೆ. ಎಂಟನೇ ಸಲ. ಮೊದಲ ಹತ್ತು ಕುಂಡ ಏರಿಸಿ ಎಳೆಯಲು ನೋಡಿದರೆ ಮೊಣಕಾಲು ಒಪ್ಪಲಿಲ್ಲ. ಬೀದಿಯ ನಡುವೆ ಗಾಡಿ, ಗಾಡಿಯ ಮುಂದೆ ನಾನು. ಎದುರಿನ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತಿತು. ಟೈಲರು ಕತ್ತಿನಲ್ಲಿ ಟೇಪು ಹಾಕಿಕೊಂಡೇ ಬಂದು, ಒಂದು ಮಾತೂ ಕೇಳದೆ ಹಿಂದಿನಿಂದ ತಳ್ಳಿದ. ತಿರುವಿನಲ್ಲಿ ಕೇಳಿದ: 'ತಮ್ಮ ಬಂದನಾ?' 'ಇಲ್ಲ' ಅಂದೆ. 'ನೆರಿಗೆ ಇಷ್ಟ ಆಗಲಿಲ್ವಾ?' ಅಂದ. ನಾನು ನಗಬೇಕು ಅಂತಲೇ ಕೇಳಿದ್ದು, ಪಾಪ. ನಗಲು ಹೋಗಿ ಏನೋ ಆಗಿಬಿಟ್ಟಿತು, ಅವನು ಗಾಡಿಯ ಆ ಕಡೆ ತಿರುಗಿ ಚಕ್ರ ನೋಡುತ್ತಾ ನಿಂತ. ಮೂರು ಸುತ್ತು ಹೊಡೆದೆವು. ಪರದೆಗಳನ್ನೂ ಬಿಚ್ಚಿ ಅವನಿಗೇ ಕೊಟ್ಟುಬಿಟ್ಟೆ, ಬಟ್ಟೆ ಚೆನ್ನಾಗಿದೆ, ಏನಾದರೂ ಹೊಲಿದುಕೊಳ್ಳಲಿ. ಕೊನೆಯ ಸುತ್ತಿಗೆ ನಾನೂ ಅಂಗಡಿಯ ಹಿಂದಿನ ಈ ಕೋಣೆಗೇ ಬಂದುಬಿಟ್ಟೆ. ಕೋಣೆ ಚಿಕ್ಕದು, ಗೊಬ್ಬರದ ವಾಸನೆ ಇದೆ, ಕಿಟಕಿ ಒಂದೇ. ಬಿಸಿಲು ಮಾತ್ರ ಹತ್ತು ಗಂಟೆಗೆ ಇಲ್ಲಿಗೂ ಬರುತ್ತೆ. ಅಮ್ಮನನ್ನು ಅದರ ಎದುರಿಗೇ ತೂಗುಹಾಕಿದ್ದೇನೆ. ಗಾಜು ಹೊಳೆಯುತ್ತಿದೆ, ಹೊಳೆಯಲಿ.

ತರಲಾಗದೆ ಉಳಿದದ್ದು ಒಂದೇ: ಬಾಗಿಲ ಪಕ್ಕದ ಬಳ್ಳಿ ಗುಲಾಬಿ. ನಿನಗೆ ನೆನಪಿರಬಹುದು, ಇಲ್ಲದಿರಲೂಬಹುದು. ಏಳು ಮನೆ ತಿರುಗಿದ ಗಿಡ ಅದು. ಸ್ವಂತದ್ದು ಅಂತ ಆ ಮನೆಗೆ ಬಂದ ದಿನ ಅಮ್ಮ ಸಾಮಾನು ಇಳಿಸುವ ಮೊದಲೇ ಆ ಕುಂಡವನ್ನು ಮೆಟ್ಟಿಲ ಹತ್ತಿರ ಇಟ್ಟು, ಕಲ್ಲು ತಗೊಂಡು ಒಡೆದಳು. ಒಡೆದು, ಬೇರನ್ನು ನೆಲಕ್ಕೆ ಇಳಿಸಿದಳು. 'ಇನ್ನು ಯಾರೂ ಬಿಡಿ ಅನ್ನಲ್ಲ' ಅಂದಳು. ನಾನು ಗುದ್ದಲಿ ಹಿಡಿದು ಒಂದು ಗಂಟೆ ಅಗೆದೆ. ಬೇರು ಮೆಟ್ಟಿಲ ಕೆಳಗೆ ಹೋಗಿ, ಗೋಡೆಯ ಕೆಳಗೂ ಹೋಗಿದೆ. ಎಳೆದರೆ ಗಿಡ ಸಾಯುತ್ತೆ. ಮಣ್ಣು ಮುಚ್ಚಿ, ನೀರು ಹಾಕಿ, ಏಳು ಕಡ್ಡಿ ಕತ್ತರಿಸಿಕೊಂಡು ಬಂದೆ. ಇಲ್ಲಿ ಮರಳಿನಲ್ಲಿ ನೆಟ್ಟಿದ್ದೇನೆ, ಕುಂಡದಲ್ಲಿ. ಆ ತಾಯಿ ನಿನ್ನೆ ಅಂಗಡಿಗೇ ಬಂದಿದ್ದರು. ಮನೆ ಕೊಳ್ಳುವುದು ಖಾಯಂ ಅಂತೆ. ಇಪ್ಪತ್ತು ಗಿಡ ಬೇಕಂತೆ, ಅಂಗಡಿಯ ದರಕ್ಕೇ. 'ನೀವೇ ಬಂದು ನೆಟ್ಟುಕೊಡಿ, ವಾರಕ್ಕೊಂದು ದಿನ ತೋಟ ನೋಡ್ಕೊಂಡು ಹೋಗಿ' ಅಂದರು. ಆಗಲಿ ಅಂದೆ. ಗುಲಾಬಿಗೆ ವಾರಕ್ಕೊಮ್ಮೆ ನನ್ನ ಕೈ ಬೀಳಬೇಕಲ್ಲ. ಅವರಿಗೆ ಕುಂಡ ಹುಗಿಯಬೇಕಾಗಿಲ್ಲ, ನೇರ ನೆಲಕ್ಕೇ ನೆಡುತ್ತೇನೆ. ಅವರ ನೆಲ.

ಹಲ್ಲು ಕೀಳಿಸಿಕೋ, ಮುಂದೂಡಬೇಡ. ಅಲ್ಲಿ ಬಿಸಿಲು ಜಾಸ್ತಿಯಾದರೆ ನೀರು ಕುಡಿ, ನೀನು ಮರೆಯುವವನು. ನಿನ್ನ ಕೈಯಿಂದ ಏನಾದರೂ ಒಂದು, ಗಾಜಿನ ಈ ಕಡೆ, ನಿಜವಾಗಿ ಯಾರಾದರೂ ವಾಸಿಸುವಂಥದ್ದು ಆಗಲಿ ಅಂತ ನಿನ್ನ ಅಕ್ಕನ ಹಾರೈಕೆ.

ಇಂತಿ,
ನಿನ್ನನ್ನು ಎತ್ತಿ ಬೆಳೆಸಿದವಳು,
ಅಕ್ಕ

ಮರೆತಿದ್ದೆ: ಇವತ್ತು ಸೋಮವಾರ, ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. 'ನೀವೇನಾ?' ಅಂತ ಗಡಿಯಾರದವರು ಕೇಳಿದಾಗ ನಾನು 'ಹೌದು' ಅಂದೆ. ಅಕ್ಕ ಅಂತ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಹೇಳಿದ್ದರೆ ಅವರ ಕಣ್ಣಲ್ಲಿ ನೀನು ಏನಾಗುತ್ತಿದ್ದೆ ಅಂತ ನಿಂತ ನಿಲುವಿನಲ್ಲೇ ಅಂದಾಜು ಮಾಡಿದೆ, ಬಾಯಿ ಬರಲಿಲ್ಲ. ರಿಜಿಸ್ಟ್ರಿಗೆ ಬಂದಾಗ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಹೋಗುವಾಗ ಆತ ನನ್ನ ಕೈಗೆ ಒಂದು ನೋಟು ತುರುಕಿ, 'ಇಟ್ಕೊಳ್ಳಮ್ಮ, ಮನೆ ಚೆನ್ನಾಗಿ ನೋಡ್ಕೊಂಡಿದ್ದೀರಿ' ಅಂದರು. ಬೇಡ ಅಂದರೆ ಗುಟ್ಟು ಒಡೆಯುತ್ತಿತ್ತು, ತೆಗೆದುಕೊಂಡೆ. ಈ ಲಕೋಟೆಯಲ್ಲೇ ಇದೆ, ನೋಡು. ಈಗ ಕೊನೆಯ ಲೆಕ್ಕ. ಆ ದಂಪತಿಗೆ ಮನೆ, ಒದ್ದೆ ಗೋಡೆ, ಅಮ್ಮನ ಗುಲಾಬಿ. ಟೈಲರಿಗೆ ಹದಿನಾಲ್ಕು ಮೀಟರು ಬಟ್ಟೆ. ನನಗೆ ಮೂವತ್ತೊಂದು ಕುಂಡ, ಏಳು ಕಡ್ಡಿ, ಅಮ್ಮನ ಫೋಟೋ, ವಾರಕ್ಕೊಂದು ದಿನದ ಕೆಲಸ. ನಿನಗೆ ಮನೆಯ ದುಡ್ಡು, ಮೂವತ್ತೊಂದು ಗುಂಡಿ, ಈ ನೋಟು.